ಸಂಜೆ ಐದರ ಆಳು

ನಿನ್ನೆ ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದರೆ, ಬೇಲಿಯಾಚೆ ಟೀಚರ್ ಕರಿಬೇವು ಬಿಡಿಸುತ್ತ ನಿಂತಿದ್ದರು. ಮುಖ ಬಾಡಿತ್ತು. ಏನಾಯ್ತು ಅಂದದ್ದೇ ತಡ, ಶುರುವಾಯಿತು.

"ನೋಡ್ರೀ, 40 ವರ್ಷ ಸಂಡೇ ಸ್ಕೂಲ್ ನಡೆಸಿದೆ. ಸುಗ್ಗಿ ಹಬ್ಬ ಬಂದರೆ ಹೊಗೆಯಲ್ಲಿ ಕೂತು ಸಭೆಗೆಲ್ಲ ಅಡುಗೆ ಮಾಡಿದೆ. ನಮ್ಮ ಮೈದುನ ಆಯುಷ್ಯವೆಲ್ಲ ಕುಡಿದು, ಹೊಲ ಕರಗಿಸಿ, ಈಗ ಬಂದು ಮೊಣಕಾಲೂರಿದ್ದಾನೆ. ಹಾಡಿನ ಪುಸ್ತಕದಲ್ಲಿ ಪುಟ ಹುಡುಕೋಕೂ ಬರಲ್ಲ. ಭಾನುವಾರ ಚರ್ಚಿನಲ್ಲಿ ಅಯ್ಯನವರು ನನಗೆ ಕೊಟ್ಟ ಪ್ರಭುಭೋಜನದ ರೊಟ್ಟಿಯನ್ನೇ ಅವನಿಗೂ ಕೊಟ್ಟರು. ಹಾಗಾದರೆ ನನ್ನ 40 ವರ್ಷ ದಂಡವಾ?"

ಸುಮ್ಮನೆ ತಳ್ಳಿಹಾಕುವ ಮಾತಲ್ಲ ಇದು. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ, ದ್ರಾಕ್ಷಿತೋಟಕ್ಕೆ ಬೆಳಗ್ಗೆಯೇ ಇಳಿದ ಆಳುಗಳು ಗೊಣಗಿದ್ದೂ ಇದನ್ನೇ. ಸಂಜೆ ಐದಕ್ಕೆ ಬಂದವನಿಗೂ ಯಜಮಾನ ಪೂರಾ ದಿನದ ಕೂಲಿ, ಒಂದು ಬೆಳ್ಳಿ ನಾಣ್ಯ, ಕೊಟ್ಟುಬಿಟ್ಟ. ಬೆಳಗಿನವರಿಗೆ ಒಪ್ಪಿದ್ದರಲ್ಲಿ ಒಂದು ಕಾಸೂ ಕಡಿಮೆ ಮಾಡಲಿಲ್ಲ. ಆದರೂ ಹೊಟ್ಟೆ ಉರಿಯಿತು.

ನಾನು ಹೇಳಿದೆ: "ಟೀಚರ್, ಮಾರ್ಕೆಟ್ ಹತ್ತಿರ ಕೂಲಿಯವರು ನಿಲ್ಲೋ ಜಾಗ ನೋಡಿದ್ದೀರಲ್ಲ? ಎಂಟಕ್ಕೆಲ್ಲ ಗಟ್ಟಿಮುಟ್ಟಾದವರನ್ನ ಗಾಡಿ ಹತ್ತಿಸಿಕೊಂಡು ಹೋಗ್ತಾರೆ. ಹನ್ನೊಂದಾದರೂ ಒಬ್ಬ ನಿಂತೇ ಇರ್ತಾನೆ. ಚೀಲದಲ್ಲಿ ಕರಣೆ, ಬುತ್ತಿ. ಯಾವ ಗಾಡಿ ನಿಧಾನ ಮಾಡಿದರೂ ಎರಡು ಹೆಜ್ಜೆ ಮುಂದೆ ಬರ್ತಾನೆ, ಮತ್ತೆ ಹಿಂದೆ ಹೋಗ್ತಾನೆ. ಬಿಸಿಲಲ್ಲಿ ದುಡಿದವನಿಗಿಂತ ಅವನ ದಿನ ಹಗುರ ಅಂತೀರಾ? ಮನೆಯಲ್ಲಿ ಅವನ ಮಕ್ಕಳಿಗೂ ಹಸಿವು ಅಷ್ಟೇ."

ಟೀಚರ್ ಕೈ ನಿಂತಿತು. ನಾನು ಬಿಡಲಿಲ್ಲ. ನಮ್ಮ ಕಡೆ ಬೋರ್‌ವೆಲ್ ಕೊರೆಸುವವರ ಪಾಡು ಗೊತ್ತಲ್ಲ. 600 ಅಡಿಗೂ ಬರೀ ದೂಳು. ಇಷ್ಟು ದುಡ್ಡು ಹೋಯ್ತಲ್ಲ, ಇನ್ನೂ ನೂರಡಿ ಹೋಗಲಿ ಅಂತ ಸಾಲ ಮಾಡಿ ಕೊರೆಸುತ್ತಾರೆ. ಹೋದ ದುಡ್ಡು ಹೋಯಿತು, ಅದು ನೀರು ತರುವುದಿಲ್ಲ. ಅಪೊಸ್ತಲ ಪೌಲನಿಗೆ ಇದು ಅರ್ಥವಾಗಿತ್ತು. ಫರಿಸಾಯನಾಗಿ ಕೂಡಿಟ್ಟ ಹೆಚ್ಚುಗಾರಿಕೆಯನ್ನೆಲ್ಲ ನಷ್ಟವೆಂದು ಬಿಟ್ಟೆ ಅಂತ ಫಿಲಿಪ್ಪಿಯವರಿಗೆ ಬರೆದ.

"ಆದರೆ ನಿಮ್ಮ ಬಾವಿಯಲ್ಲಿ ಮೊದಲ ಅಡಿಯಿಂದಲೇ ನೀರಿತ್ತಲ್ಲ, ಟೀಚರ್! ನಿಮ್ಮ ಯಜಮಾನರು ತೀರಿಕೊಂಡ ವರ್ಷ ನಿಮ್ಮನ್ನ ಎತ್ತಿ ನಿಲ್ಲಿಸಿದ್ದು ಆ ಸಭೆಯೇ ಅಂತ ನೀವೇ ಹೇಳಿದ್ದಿರಿ. ಆ 40 ವರ್ಷ ನೀವು ಕಟ್ಟಿದ ಕಂತಲ್ಲ, ನಿಮಗೆ ಸಿಕ್ಕಿದ ಊಟ. ನಿಮ್ಮ ಮೈದುನ ಅಷ್ಟೂ ವರ್ಷ ಉಪವಾಸ ಇದ್ದ."

ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಒಂದು ಹಿಡಿ ಕರಿಬೇವು ಬೇಲಿ ದಾಟಿ ನನ್ನ ಕೈಗೆ ಬಂತು.

"ಬರೋ ಭಾನುವಾರ ಅವನ ಪಕ್ಕದಲ್ಲೇ ಕೂತ್ಕೊಳ್ಳಿ ಟೀಚರ್," ಅಂದೆ. "ಹಾಡಿನ ಪುಟ ತೆಗೆದುಕೊಡಿ."