1840ಕ್ಕೆ ಹಿಂದಿನ ಕೋಳಿ

ಕೋಳಿ ಸಾಕುವ ಹುಚ್ಚಿನ ಜೊತೆ ಇತಿಹಾಸದ ಹುಚ್ಚೂ ಸೇರಿಕೊಂಡರೆ ಹೆಂಡತಿ ಬೇರೆ ಕಾರಿನಲ್ಲಿ ಬರುತ್ತಾಳೆ. ನನ್ನವಳು ಹಾಗೇ ಬಂದಳು.

1825ರಲ್ಲಿ ವಿಲಿಯಂ ಆಶ್ಲಿ ಎಂಬ ವ್ಯಾಪಾರಿ, ಈಗ ನಾವಿರುವ ಅಮೆರಿಕದ ರಾಕಿ ಬೆಟ್ಟಗಳಲ್ಲಿ ಬೀವರ್ ಹಿಡಿಯುವವರನ್ನೆಲ್ಲ ಬೇಸಿಗೆಗೆ ಒಂದೆಡೆ ಕಲೆಹಾಕಿದ. ಗ್ರೀನ್ ನದಿಯ ಸೀಮೆಯಲ್ಲಿ ಶುರುವಾದ ಆ ಜಾತ್ರೆಗೆ ರಾಂಡೆವೂ ಅನ್ನುತ್ತಾರೆ. ತುಪ್ಪಳದ ತೊಗಲು ಕೊಡು, ಕಾಫಿ, ಸಕ್ಕರೆ, ಮದ್ದುಗುಂಡು ತಗೋ. ಬೆಲೆ ಮಾತ್ರ ಸೇಂಟ್ ಲೂಯಿಸ್‌ಗಿಂತ ಹಲವು ಪಟ್ಟು. ಬೀವರ್ ಬರಿದಾಯಿತು, ಬೀವರ್ ಟೋಪಿಯ ಬದಲು ರೇಷ್ಮೆ ಟೋಪಿಯ ಶೋಕಿ ಬಂತು, 1840ಕ್ಕೆ ಜಾತ್ರೆ ಮುಗಿಯಿತು. ಈಗಲೂ ಅದೇ ವೇಷ ತೊಟ್ಟು ಬಯಲಲ್ಲಿ ಡೇರೆ ಹೂಡುವವರಿದ್ದಾರೆ. 1840ರ ನಂತರದ್ದೇನೂ ಅಲ್ಲಿ ಕಣ್ಣಿಗೆ ಬೀಳಕೂಡದು.

ನಮ್ಮ ಕೋಳಿಗಾರರ ಕೂಟವೂ ಹಾಗೇ ನಡೆಯಲಿ, ದುಡ್ಡಿಲ್ಲದೆ ಬರೀ ವಿನಿಮಯ ಆಗಲಿ ಎಂದ ಪುಣ್ಯಾತ್ಮ ನಾನೇ. ಮೈಸೂರಿನ ಹೊಟ್ಟೆಯ ಮೇಲೆ ಜಿಂಕೆ ಚರ್ಮದ ಅಂಗಿ ಬಿಗಿದುಕೊಂಡು, ಜುಲೈ ಬಿಸಿಲಲ್ಲಿ ಮೂರು ಪಂಜರ ಹೊತ್ತು ನಿಂತೆ.

ಗೇಟಿನಲ್ಲೊಬ್ಬ ಗಡ್ಡದಪ್ಪ. ನನ್ನ ಪ್ಲಿಮತ್ ರಾಕ್ ಹೇಂಟೆಯನ್ನು ದಿಟ್ಟಿಸಿ ಕೇಳಿದ: "ಇದು ಯಾವ ಇಸವಿಯದು?"

"ಹೋದ ವರ್ಷದ್ದು."

"ತಳಿ ಕೇಳಿದ್ದು. ಬಾಸ್ಟನ್ ಪ್ರದರ್ಶನಕ್ಕೆ ಬಂದದ್ದೇ 1849ರಲ್ಲಿ. ಆಗುವುದಿಲ್ಲ."

ಪಂಜರಕ್ಕೆ ಕಂಬಳಿ ಹೊದೆಸಿದ. ಒಳಗಿಂದ ಕೊಕ್ಕೊಕ್ಕೋ ಎಂಬ ಪ್ರತಿಭಟನೆ. ಎರಡನೇ ಪಂಜರದ ವೈಯಾಂಡಾಟ್ ತಳಿಗೆ ಮಾನ್ಯತೆ ಸಿಕ್ಕಿದ್ದು 1883ರಲ್ಲಿ, ಅದಕ್ಕೂ ಕಂಬಳಿ. ಉಳಿದದ್ದು ಸಿಲ್ಕಿ. ನಾನು ಮಾರ್ಕೊ ಪೋಲೋನನ್ನೇ ಸಾಕ್ಷಿಗೆ ಕರೆದೆ: ಬೆಕ್ಕಿನಂಥ ಕೂದಲಿನ ಕೋಳಿ ಚೀನಾದಲ್ಲಿದೆಯೆಂದು ಹದಿಮೂರನೇ ಶತಮಾನದಲ್ಲೇ ಹೇಳಿದ್ದಾನಲ್ಲ! ಗಡ್ಡದಪ್ಪ ಮಂಡಿಯೂರಿದ. ಗರಿ ಊದಿ ಕರಿ ಚರ್ಮ ನೋಡಿದ. ಕಾಲೆತ್ತಿ ಬೆರಳೆಣಿಸಿದ, ಐದು. ಅನುಮಾನ ಬಂದು ಇನ್ನೊಂದು ಕಾಲಿನದೂ ಎಣಿಸಿದ. ಸಿಲ್ಕಿ ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂತವಳಂತೆ ತಲೆ ತಗ್ಗಿಸಿಕೊಂಡಿತ್ತು. ಪಾಸಾಯಿತು.

ಹಿಂದಿನಿಂದ ನನ್ನವಳ ಪಿಸುದನಿ: "ರೀ, 1840ಕ್ಕೆ ಮುಂಚೆ ಇಲ್ಲಿ ಮೈಸೂರಿನೋರು ಯಾರಿದ್ರು? ನಿಮಗೂ ಕಂಬಳಿ ಹೊದೆಸ್ತಾನೆ, ಸುಮ್ನಿರಿ."

ಅಷ್ಟರಲ್ಲಿ ಗಡ್ಡದಪ್ಪನ ಕಣ್ಣು ಬಾಗಿಲಲ್ಲಿದ್ದ ಪ್ಲಾಸ್ಟಿಕ್ ತೊಟ್ಟಿಯ ಮೇಲೆ ಬಿತ್ತು. ಬೂಟು ಅದ್ದಲು ಕ್ರಿಮಿನಾಶಕ ಹಾಕಿ ಪಶುವೈದ್ಯೆ ಇಟ್ಟದ್ದು. ಮರದ ಬಾನಿಯೇ ಬೇಕೆಂದು ಹಟ ಹಿಡಿದ. ಆಕೆ ಸಿಡಿದಳು: "1837ರಲ್ಲಿ ತುಪ್ಪಳ ಕಂಪನಿಯ ಹಬೆದೋಣಿ ಮಿಸೌರಿ ನದಿಯಲ್ಲಿ ಸಿಡುಬು ಹೊತ್ತು ತಂತು. ಮ್ಯಾಂಡನ್ ಜನರ ಹಳ್ಳಿಗಳು ಹೆಚ್ಚುಕಡಿಮೆ ನಿರ್ನಾಮವಾದವು. ಅದೂ ನಿಮ್ಮ ಇಸವಿಯೊಳಗಿನದೇ. ಒಳಗೆ ಬಿಡೋಣವೇ?" ಯಾರೂ ಮಾತಾಡಲಿಲ್ಲ. ಹಕ್ಕಿಜ್ವರ ಒಂದಕ್ಕೆ ತಗುಲಿದರೂ ಇಡೀ ಹಿಂಡನ್ನು ಕೊಲ್ಲಬೇಕೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತು. ಮೊದಲು ಬೂಟು ಅದ್ದಿದವನು ಗಡ್ಡದಪ್ಪನೇ.

ವಿನಿಮಯದ ಕತೆ ಚಿಕ್ಕದು: ಎಲ್ಲರೂ ತಂದದ್ದು ಮೊಟ್ಟೆ. ಕಂದು ಮೊಟ್ಟೆ ಕೊಟ್ಟು ನೀಲಿ ಮೊಟ್ಟೆ ತಗೊಂಡೆ. ಕ್ಯೂ ನಿಂತದ್ದು ನನ್ನವಳ ಕೋಡುಬಳೆಗೆ. ಅದರ ಇಸವಿ ಕೇಳುವ ಗೋಜಿಗೇ ಹೋಗದೆ ಗಡ್ಡದಪ್ಪ ಡಬ್ಬಿ ಖಾಲಿ ಮಾಡಿ, ಬದಲಿಗೆ ಒಂದು ಹುಂಜ ಕೊಟ್ಟ.

ನಮ್ಮ ಊರಲ್ಲಿ ಹುಂಜ ಸಾಕುವ ಹಾಗಿಲ್ಲ. ಹೊಸ ಹಕ್ಕಿಯನ್ನು ತಿಂಗಳು ಬೇರೆ ಇಡಿ ಎಂದು ವೈದ್ಯೆಯ ಅಪ್ಪಣೆ ಬೇರೆ. ಹೀಗಾಗಿ ಹುಂಜ ಗ್ಯಾರೇಜಿನಲ್ಲಿದೆ, ಕಾರು ಬೀದಿಯಲ್ಲಿದೆ. ನಸುಕಿನ ನಾಲ್ಕಕ್ಕೆ ಕೂಗಿದ್ದು ಏನೆಂದು ಪಕ್ಕದ ಮನೆಯವರು ಕೇಳಿದರು. ಮೊಬೈಲಿನ ಅಲಾರಂ ಎಂದಿದ್ದೇನೆ. ತಮಗೂ ಅದೇ ಬೇಕಂತೆ, ಕಳಿಸಿ ಅಂತ ದಿನಾ ಪೀಡಿಸುತ್ತಿದ್ದಾರೆ.