ಮರಳೂರಿನ ಮೋಟರು, ನನ್ನ ಕಿರುಬೆರಳು

ಮರಳೂರಿನ ಚಿಕ್ಕಮ್ಮನ ಮನೆಯ ನೀರಿನ ಮೋಟರನ್ನು ಬೆಂಗಳೂರಿನಿಂದಲೇ ಓಡಿಸುತ್ತೇನೆ ಎಂದಾಗ ಅವರು ಕೇಳಿದ್ದು ಒಂದೇ: “ಸ್ವಿಚ್ಚು ಇಲ್ಲೇ ಬಾಗಿಲ ಪಕ್ಕ ಇದೆಯಲ್ಲಪ್ಪ?” ನಾನು ಕೇಳಲಿಲ್ಲ. ಸೋಪಿನ ಡಬ್ಬಿಯಷ್ಟಿರುವ ರಾಸ್‌ಬೆರಿ ಪೈಗೆ ಲಿನಕ್ಸ್ ತುಂಬಿ, ರಿಲೇ ಜೋಡಿಸಿ, ಸ್ವಿಚ್ಚು ಕಿತ್ತ ಜಾಗದಲ್ಲೇ ಕೂರಿಸಿ ಬಂದೆ.

ಬೆಂಗಳೂರಿನಿಂದ ಅದರೊಳಕ್ಕೆ ಇಳಿಯುವ ದಾರಿ ಎಸ್‌ಎಸ್‌ಎಚ್. ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕಳವಾಯಿತೆಂದು ಫಿನ್ಲೆಂಡಿನ ತಾತು ಯ್ಲೋನೆನ್ 1995ರಲ್ಲಿ ಬರೆದದ್ದು. ಕಳ್ಳರಿಂದ ಅದು ಕಾಪಾಡುತ್ತದೆ. ಯಜಮಾನನಿಂದ ಕಾಪಾಡುವ ವಿದ್ಯೆ ಮಾತ್ರ ಅದಕ್ಕಿಲ್ಲ.

ಹೇಮಾವತಿ ನೀರು ಅಷ್ಟು ದೂರದಿಂದ ಬುಗುಡನಹಳ್ಳಿ ಕೆರೆಗೆ ಬಂದು, ನಲ್ಲಿಗೆ ಬಂದು, ಸಂಪಿಗೂ ಬಂದು ಬೀಳುತ್ತದೆ. ಅಲ್ಲಿಂದ ತಾರಸಿಯ ಟ್ಯಾಂಕಿಗೆ ಏರುವ ಇಪ್ಪತ್ತಡಿ ಮಾತ್ರ ನನ್ನ ಜವಾಬ್ದಾರಿ.

ಒಂದು ಭಾನುವಾರ ಆ ಇಪ್ಪತ್ತಡಿಯೇ ಕೈಕೊಟ್ಟಿತು. “ಟ್ಯಾಂಕ್ ಖಾಲಿ, ಮೋಟ್ರು ಹಾಕೋ” ಎಂದು ಫೋನು. ಮೋಟರ್ ಆನ್ ಎಂದು ಟೈಪ್ ಮಾಡಿದೆ. ಅಕ್ಷರವೇ ಮೂಡಲಿಲ್ಲ. ಆಫ್, ಮತ್ತೆ ಆನ್, ಆಫ್, ಆನ್. ಸಿಟ್ಟಿಗೆ ಒಂದು ರೀಬೂಟ್. ಪರದೆ ಕಲ್ಲಾಗಿತ್ತು.

“ಚಿಕ್ಕಮ್ಮ, ಡಬ್ಬೀಲಿ ದೀಪ ಇದೆಯಾ?”

“ಕೆಂಪು ಇದೆ. ಹಸಿರು ಕಣ್ಣು ಹೊಡೀತಿದೆ. ಸ್ನಾನಕ್ಕೆ ನೀರಿಲ್ಲ.”

ಅಲ್ಲಿಗೆ ಕರೆಂಟು ಸರಿ. ಹಾಗಾದರೆ ಸಿಮ್ಮು? ರೂಟರು? ಒಬ್ಬೊಬ್ಬರನ್ನೇ ಕಟಕಟೆಗೆ ಹತ್ತಿಸಿದೆ. ಅರ್ಧ ಗಂಟೆಯಾದ ಮೇಲೆ ಪಕ್ಕದಲ್ಲಿ ಇನ್ನೊಂದು ಕಿಟಕಿ ತೆರೆದು ನೋಡಿದರೆ ಪೈ ತಕ್ಷಣ ಒಳಗೆ ಕರೆಯಿತು. ಜಾಲ ಸರಿ, ಡಬ್ಬಿ ಸರಿ. ಕೆಟ್ಟಿದ್ದು ಮೊದಲನೇ ಕಿಟಕಿಯೊಂದೇ. ಆಗ ನನ್ನ ಎಡಗೈ ಕಿರುಬೆರಳು ನೆನಪಾಯಿತು. ಆಫೀಸಿನಲ್ಲಿ ಎರಡು ಸಾಲು ಬರೆದರೆ ಒಮ್ಮೆ ಕಂಟ್ರೋಲ್ ಎಸ್ ಒತ್ತಿ ಸೇವ್ ಮಾಡುವ ಬೆರಳು ಅದು. ಟರ್ಮಿನಲ್ಲಿನಲ್ಲಿ ಕಂಟ್ರೋಲ್ ಎಸ್ ಎಂದರೆ ‘ತಡಿ’. 1963ರ ಆಸ್ಕಿ ಸಂಕೇತಗಳ ಕಾಲದಿಂದ, ಟೆಲಿಟೈಪಿನ ಕಾಗದದ ಪಟ್ಟಿಯನ್ನು ನಿಲ್ಲಿಸಲು ಇದ್ದ ಆಜ್ಞೆ. ಟೆಲಿಟೈಪು ಗುಜರಿಗೆ ಹೋದರೂ ಆಜ್ಞೆ ನಿವೃತ್ತಿಯಾಗಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ನಾನು ಎಪ್ಪತ್ತು ಕಿಲೋಮೀಟರ್ ದೂರದ ಊರೆಲ್ಲ ಹುಡುಕಿದ್ದೆ.

ಬಿಡುಗಡೆಗೆ ಕಂಟ್ರೋಲ್ ಕ್ಯೂ. ಒತ್ತಿದೆ. ಒತ್ತಬಾರದಿತ್ತು. ಪರದೆ ಕಲ್ಲಾಗಿದ್ದರೂ ನಾನು ಟೈಪಿಸಿದ್ದೆಲ್ಲ ಆಚೆ ಬದಿಯಲ್ಲಿ ಸಾಲುಗಟ್ಟಿ ಕಾಯುತ್ತಿತ್ತು. ಆನ್, ಆಫ್, ಆನ್, ಆಫ್, ಆನ್, ಎಲ್ಲ ಒಂದೇ ಉಸಿರಿಗೆ. ಫೋನಿನಲ್ಲಿ ಟಕ್ ಟಕ್ ಟಕ್, ನಡುವೆ ಮೋಟರಿನ ಬಿಕ್ಕಳಿಕೆ, ಅದರ ಮೇಲೆ ಚಿಕ್ಕಮ್ಮನ “ಅಯ್ಯಯ್ಯೋ, ಇದಕ್ಕೇನೋ ಮೆಟ್ಕೊಂಡಿದೆ!” ಕೊನೆಗೆ ರೀಬೂಟ್, ಎಲ್ಲ ಮೌನ.

ಈ ಕಾಟವನ್ನು ತಪ್ಪಿಸಲು ‘ಎಸ್‌ಟಿಟಿವೈ ಮೈನಸ್ ಇಕ್ಸ್‌ಆನ್’ ಎಂಬ ಒಂದೇ ಸಾಲು ಸಾಕು. ಅದನ್ನು ಅಂದೇ ಬರೆದಿಟ್ಟೆ. ಚಿಕ್ಕಮ್ಮನ ಪರಿಹಾರ ಅದಕ್ಕೂ ಚಿಕ್ಕದು: ಮರುದಿನವೇ ಎಲೆಕ್ಟ್ರಿಷಿಯನ್ ಕರೆಸಿ ಹಳೇ ಸ್ವಿಚ್ಚು ಹಾಕಿಸಿದರು.

“ಅಲ್ಲಪ್ಪಾ, ಆ ಎಸ್ ಒತ್ತಿದ್ದಾದರೂ ಯಾಕೆ?”

“ಅಭ್ಯಾಸ ಚಿಕ್ಕಮ್ಮ. ಸೇವ್ ಮಾಡೋಕೆ.”

“ಮಾಡ್ದೆ ಬಿಡು. ಅವತ್ತು ಮನೇಲಿ ಒಂದು ತೊಟ್ಟು ನೀರೂ ಖರ್ಚಾಗಲಿಲ್ಲ.”