ಹಿನ್ನೆಲೆಯ ವೈರಿ

ವೈರವೆಂಬುದು ಸಾಮಾನ್ಯವಾಗಿ ಎದುರಿಗೆ ನಿಂತವನ ಮೇಲೆ ಹುಟ್ಟತಕ್ಕದ್ದು. ಎದುರಿಗೆ ನಿಂತವನನ್ನು ಪರಮಪ್ರೀತಿಯಿಂದ ನೋಡುತ್ತ, ಅವನ ಬೆನ್ನ ಹಿಂದಿರುವ ಮರ, ಗೋಡೆ, ಗೋಪುರ, ಬಂಧುಬಳಗವೆಂಬ ಸಮಸ್ತ ಚರಾಚರಗಳ ಮೇಲೆ ಮಾತ್ರ ಹಗೆ ಸಾಧಿಸುವ ಪಂಗಡವೊಂದು ಈಚೀಚೆಗೆ ನಮ್ಮ ನಡುವೆ ಬೆಳೆದುಬಂದಿದೆ. ಆ ಪಂಗಡದ ಮಂದಿ ಸ್ವಭಾವತಃ ಸಾಧುಗಳು. ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಚೇರಿಯಲ್ಲೋ ದುಡಿದು, ತೆರಿಗೆಯನ್ನು ಕಾಲಕ್ಕೆ ಸರಿಯಾಗಿ ಕಟ್ಟಿ, ಹಿರಿಯರನ್ನು ಕಂಡರೆ ಕೈಮುಗಿಯುವಂಥವರು. ಆದರೆ ಕೈಗೆ ಕ್ಯಾಮೆರಾ ಬಂದೊಡನೆ ಅವರ ಸಾಧುತ್ವ ಎದುರಿನ ಮುಖದ ಕಿವಿಯ ತನಕ ಹೋಗಿ ನಿಂತುಬಿಡುತ್ತದೆ. ಕಿವಿಯಿಂದಾಚೆಗಿನ ಜಗತ್ತೆಲ್ಲ ಕರಗಿ ಬಣ್ಣದ ಮಂಜಾಗಿ ಹೋಗಲಿ ಎಂಬುದೇ ಅವರ ಸಂಕಲ್ಪವಾಗುತ್ತದೆ. ಈ ಪಂಗಡದಿಂದ ಒಬ್ಬರನ್ನು ಆರಿಸಿ, ಮಸೂರರಾಯರೆಂದು ಹೆಸರಿಟ್ಟು, ಅವರ ಗುಣಕಥನ ಮಾಡುವುದು ಈ ಬರಹದ ಉದ್ದೇಶ. ಓದುಗರಲ್ಲಿ ಯಾರಿಗಾದರೂ ಇವರು ತಮ್ಮ ಭಾವಮೈದುನನಂತೆಯೇ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ಮನೆಗೊಬ್ಬರಂತೆ ಇವರು ನಾಡಿನಲ್ಲೆಲ್ಲ ಹಂಚಿಹೋಗಿದ್ದಾರೆ.

ಭಾನುವಾರದ ಮುಂಜಾನೆ ಲಾಲ್‌ಬಾಗಿನ ಗಾಜಿನ ಮನೆಯ ಆಸುಪಾಸಿನಲ್ಲಿ ಇವರನ್ನು ಗುರುತಿಸುವುದು ಕಷ್ಟವಲ್ಲ. ಹೆಗಲಲ್ಲಿ ಕಪ್ಪು ಚೀಲ, ಕೊರಳಲ್ಲಿ ದಪ್ಪನೆಯ ಪಟ್ಟಿ, ಜೇಬಿನಲ್ಲಿ ಗಾಜು ಒರೆಸುವ ಮೆತ್ತನೆಯ ಬಟ್ಟೆ. ಆ ಬಟ್ಟೆಯನ್ನು ತಮ್ಮ ಕನ್ನಡಕಕ್ಕೆ ಅವರು ಎಂದೂ ಬಳಸಿದವರಲ್ಲ. ಪರಿಚಿತರು ಎದುರಾದರೆ ಸಾಮಾನ್ಯ ಮನುಷ್ಯರು ಮೊದಲು ಮುಖ ನೋಡಿ, ಆಮೇಲೆ ಕ್ಷೇಮ ವಿಚಾರಿಸುತ್ತಾರೆ. ಮಸೂರರಾಯರಾದರೋ ಮೊದಲು ಪರಿಚಿತರ ಹಿಂದೆ ಏನಿದೆಯೆಂಬುದನ್ನು ನೋಡಿ, ಅಲ್ಲಿಗೂ ಇಲ್ಲಿಗೂ ಎಷ್ಟು ಅಡಿ ಅಂತರವೆಂಬುದನ್ನು ಕಣ್ಣಳತೆಯಲ್ಲೇ ಅಳೆದು, ಎಲೆಗಳ ಸಂದಿಯಿಂದ ಬಿಸಿಲು ತೂರಿಬರುತ್ತಿದ್ದರೆ ಒಳಗೊಳಗೇ ಹಿಗ್ಗಿ, "ಸ್ವಾಮಿ, ಹಾಗೇ ನಾಲ್ಕು ಹೆಜ್ಜೆ ಮುಂದಕ್ಕೆ ಬನ್ನಿ, ಮರವನ್ನು ಬಿಟ್ಟು ಬನ್ನಿ" ಎಂದು ಅಂಗಲಾಚುತ್ತಾರೆ. ಇವರ ದೆಸೆಯಿಂದ ಮರವನ್ನೊರಗಿ ನಿಲ್ಲುವ ಸುಖ ಸ್ನೇಹಿತರಿಗೆ ತಪ್ಪಿಹೋಗಿದೆ.

ಅವರ ಜೀವನವನ್ನು ನಮ್ಮ ಹಿರಿಯರು ವಿಧಿಸಿದ ನಾಲ್ಕು ಆಶ್ರಮಗಳಾಗಿಯೇ ವಿಂಗಡಿಸಬಹುದು. ಕ್ಯಾಮೆರಾ ಕೊಂಡಾಗ ಅದರೊಡನೆ ಬಂದ 18–55 ಮಿಲಿಮೀಟರಿನ ಲೆನ್ಸಿನ ಕಾಲವೇ ಬ್ರಹ್ಮಚರ್ಯ. ಅದರಲ್ಲಿ ಮುಂದಿದ್ದದ್ದೂ ಹಿಂದಿದ್ದದ್ದೂ ನಿಷ್ಪಕ್ಷಪಾತವಾಗಿ ಕಾಣುತ್ತಿತ್ತಾದ್ದರಿಂದ ಅವರ ಮನಸ್ಸಿಗೆ ಶಾಂತಿಯಿತ್ತು. 50 ಮಿಲಿಮೀಟರಿನ, ಎಫ್ 1.8 ರ ಪುಟ್ಟ ಲೆನ್ಸು ಮನೆಗೆ ಬಂದಂದು ಗೃಹಸ್ಥಾಶ್ರಮ ಆರಂಭವಾಯಿತು. ಕಡಿಮೆ ಬೆಲೆಯ ಆ ಸಾಧ್ವಿಯೊಡನೆ ಅವರು ಸುಖವಾಗಿಯೇ ಇರಬಹುದಾಗಿತ್ತು. ಚಿಕ್ಕ ಸೆನ್ಸರಿನ ಕ್ಯಾಮೆರಾದ ಮೇಲೆ ಕೂತರೆ ಆ 50 ಎಂಬುದೇ ಸುಮಾರು 75 ರಂತೆ ನಡೆದುಕೊಂಡು, ಮುಖವೊಂದರ ಚಿತ್ರಕ್ಕೆ ಹೇಳಿಮಾಡಿಸಿದಂತಿರುತ್ತದೆ. ಆದರೆ ತೃಪ್ತಿಯೆಂಬುದು ಲೆನ್ಸಿನ ಪೆಟ್ಟಿಗೆಯೊಳಗೆ ಇಟ್ಟು ಕೊಡುವ ವಸ್ತುವಲ್ಲ. ದೊಡ್ಡ ಸೆನ್ಸರಿನ ಕ್ಯಾಮೆರಾ ಬಂದು, ಅದರ ಹಿಂದೆಯೇ 85 ರ ಲೆನ್ಸು ಬಂದು, ರಾಯರು ಎಲ್ಲರಿಂದ ಎರಡು ಮೀಟರು ದೂರ ನಿಂತೇ ಮಾತನಾಡತೊಡಗಿದಾಗ ವಾನಪ್ರಸ್ಥ ಪ್ರಾಪ್ತವಾಯಿತು. ಇನ್ನುಳಿದದ್ದು 135 ರದು. ಅದನ್ನು ಕೊಂಡ ಮರುದಿನ ಪಾಸ್‌ಬುಕ್ಕಿನಲ್ಲಿ ಪ್ರಾಪಂಚಿಕವಾದದ್ದು ಏನೂ ಉಳಿಯಲಿಲ್ಲವಾದ್ದರಿಂದ ಅದಕ್ಕೆ ಸಂನ್ಯಾಸವೆಂಬ ಹೆಸರೇ ಒಪ್ಪುತ್ತದೆ.

ಈ ವ್ಯವಹಾರದಲ್ಲಿ ಗೃಹಿಣಿಯರಿಗೆ ಅರ್ಥವಾಗದೆ ಉಳಿಯುವುದು ಎಫ್ ಎಂಬ ಅಕ್ಷರದ ಮುಂದಿನ ಅಂಕಿ. "ರೀ, 1.8 ಇದ್ದದ್ದು ಈಗ 1.2 ಆಯಿತು ಅಂತೀರಿ. ಅಂಕಿ ಇಳಿದ ಮೇಲೆ ಬೆಲೆಯೂ ಇಳಿಯಬೇಕಲ್ಲವೆ? ಇದೇಕೆ ಇಷ್ಟು ಪಟ್ಟು ಏರಿದೆ?" ಎಂದು ರಾಯರ ಪತ್ನಿ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ರಾಯರು ಊಟದ ಎಲೆಯ ಮುಂದೆಯೇ ಗಣಿತ ಹೇಳಿದರು: ಲೆನ್ಸಿನ ಸಂಗಮದೂರವನ್ನು ಬೆಳಕು ಒಳಬರುವ ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವುದೇ ಆ ಅಂಕಿ, 85 ರ ಲೆನ್ಸಿನಲ್ಲಿ 1.8 ಎಂದರೆ ರಂಧ್ರ 47 ಮಿಲಿಮೀಟರು, 1.2 ಎಂದರೆ 71. ಆದಕಾರಣ ಬೆಳಕು ಎರಡೂಕಾಲು ಪಟ್ಟು, ಗಾಜು ದಪ್ಪ, ತೂಕ ಹೆಚ್ಚು, ಹಿನ್ನೆಲೆ ಸರ್ವನಾಶ. ಆಕೆ ಸಾವಧಾನವಾಗಿ ಎಲ್ಲವನ್ನೂ ಕೇಳಿ, "ಅಂತೂ ತೂತು ದೊಡ್ಡದಾದಷ್ಟೂ ಬೆಲೆ ಹೆಚ್ಚು ಅನ್ನಿ" ಎಂದು ಸಾರಸಂಗ್ರಹ ಮಾಡಿ, ಮಜ್ಜಿಗೆ ಬಡಿಸಿದರು. ದೃಗ್ವಿಜ್ಞಾನದ ಗ್ರಂಥಗಳಲ್ಲಿಯೂ ಇದಕ್ಕಿಂತ ಸಂಕ್ಷೇಪವಾದ ನಿರೂಪಣೆ ದೊರೆಯಲಾರದು.

ರಾಯರ ವೈರ ಪರಾಕಾಷ್ಠೆಗೆ ಮುಟ್ಟಿದ್ದು ಬೇಲೂರಿನಲ್ಲಿ. 1117 ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯನ್ನು ನೋಡಲು ಬೆಂಗಳೂರಿನಿಂದ ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿಯನ್ನು ಕ್ರಮಿಸಿ, ನಕ್ಷತ್ರಾಕಾರದ ಜಗತಿಯ ಮೇಲೆ ಪತ್ನಿಯನ್ನು ನಿಲ್ಲಿಸಿ, ಕಟ್ಟಡದಿಂದ ಆಕೆಯನ್ನು ಸಾಧ್ಯವಾದಷ್ಟು ಮುಂದಕ್ಕೆ ಕರೆತಂದು, ರಂಧ್ರವನ್ನು ಪೂರ್ಣವಾಗಿ ತೆರೆದು ಅವರು ಕ್ಲಿಕ್ಕಿಸಿದರು. ದಾಸೋಜ, ಚಾವಣರಂಥ ಶಿಲ್ಪಿಗಳು ಮದನಿಕೆಯ ಮುಖವನ್ನು ಕಡೆದು ಸುಮ್ಮನಾದವರಲ್ಲ. ಆಕೆಯ ತಲೆಯ ಮೇಲಣ ಬಳ್ಳಿಯನ್ನೂ ಎಲೆಯೆಲೆಯಾಗಿ ಬಿಡಿಸಿ, ಹಿನ್ನೆಲೆಗೂ ಮುನ್ನೆಲೆಗೂ ಒಂದೇ ಉಳಿಯ ಗೌರವವನ್ನು ಸಲ್ಲಿಸಿದವರು. ಹೊರಗೋಡೆಯ ಮೇಲಿನ ಅಂಥ 38 ಮದನಿಕೆಯರಲ್ಲಿ ಚೌಕಟ್ಟಿನೊಳಗೆ ಸಿಕ್ಕಿದವರೆಲ್ಲರೂ ಗಜಪಂಕ್ತಿಗಳ ಸಮೇತ ಸೆಕೆಂಡಿನ ಸಾವಿರದೊಂದು ಭಾಗದಲ್ಲಿ ಮಣ್ಣುಬಣ್ಣದ ಮಂಜಾಗಿ ಮಾಯವಾದರು. ಕ್ಯಾಮೆರಾದ ಹಿಂದಿನ ಪುಟ್ಟ ತೆರೆಯಲ್ಲಿ ಚಿತ್ರವನ್ನು ನೋಡಿದ ಪತ್ನಿ, "ನಮ್ಮ ಹಿತ್ತಲ ಕಾಂಪೌಂಡ್ ಗೋಡೆಯ ಮುಂದೆ ನಿಂತಿದ್ದರೂ ಹೀಗೇ ಬರುತ್ತಿತ್ತಲ್ಲ! ಇಷ್ಟು ದೂರ ಬಂದದ್ದಾದರೂ ಯಾತಕ್ಕೆ?" ಎಂದರು. "ಛೆ, ಛೆ! ಹೊಯ್ಸಳರ ಕಲ್ಲಿನ ಮಂಜೇ ಬೇರೆ, ಕಾಂಪೌಂಡಿನ ಮಂಜೇ ಬೇರೆ, ನೋಡುವ ಕಣ್ಣಿರಬೇಕು" ಎಂದು ರಾಯರು ಉತ್ತರಿಸಿದರು.

ಹಿನ್ನೆಲೆಯನ್ನು ಅಳಿಸುವುದು ಸುಲಭ. ಮುಖವನ್ನು ಉಳಿಸಿಕೊಳ್ಳುವುದೇ ಕಷ್ಟ ಎಂಬುದು ಅವರಿಗೆ ಮನದಟ್ಟಾದದ್ದು ಸೋದರತ್ತೆಯ ಚಿತ್ರ ತೆಗೆದಾಗ. 85 ರ ಲೆನ್ಸನ್ನು 1.8 ಕ್ಕೆ ತೆರೆದು ಒಂದು ಮೀಟರಿನ ಸುಮಾರಿನಲ್ಲಿ ನಿಂತರೆ ಸ್ಪಷ್ಟವಾಗಿ ಮೂಡುವ ಪದರದ ದಪ್ಪ ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರು. ಅದಕ್ಕಿಂತ ತಟ್ಟೆ ಇಡ್ಲಿಯೇ ದಪ್ಪ. ಆ ಪದರದೊಳಗೆ ಅತ್ತೆಯವರ ಹತ್ತಿರದ ಕಣ್ಣನ್ನು ರಾಯರು ಬಹು ಪ್ರಯಾಸದಿಂದ ಹಿಡಿದಿಟ್ಟರು. ಅಷ್ಟರಲ್ಲಿ ಆ ವೃದ್ಧೆ, ಸಹಜವಾದ ವಾತ್ಸಲ್ಯದಿಂದ, "ಬೆಳಗ್ಗೆಯಿಂದ ಏನಾದರೂ ತಿಂದೆಯೇನೋ?" ಎಂದು ಕೇಳುತ್ತ ಎರಡು ಬೆರಳಿನಷ್ಟು ಹಿಂದಕ್ಕೆ ಸರಿದು ಕೂತರು. ಚಿತ್ರದಲ್ಲಿ ಕಣ್ಣುಗಳೆರಡೂ ಮಸುಕಾಗಿ, ಕಣ್ಣಿದ್ದ ದೂರಕ್ಕೆ ಬಂದು ಕೂತ ಮೂಗು ಮಾತ್ರ ಸುಸ್ಪಷ್ಟವಾಗಿ, ಮೂಗುಬೊಟ್ಟಿನ ಏಳು ವಜ್ರಗಳೂ ಎಣಿಸಿಕೊಳ್ಳಬಹುದಾದಷ್ಟು ನಿಚ್ಚಳವಾಗಿ ಮೂಡಿದುವು. ರಾಯರು ಹಣೆ ಚಚ್ಚಿಕೊಂಡರು. ಆದರೆ ಅತ್ತೆಯವರಿಗೆ ಆದ ಆನಂದ ಅಷ್ಟಿಷ್ಟಲ್ಲ. "ನಮ್ಮಮ್ಮ ಕೊಟ್ಟ ಬೊಟ್ಟು! ಇದುವರೆಗೆ ಯಾವ ಫೋಟೋದಲ್ಲೂ ಇಷ್ಟು ಲಕ್ಷಣವಾಗಿ ಬಂದಿರಲಿಲ್ಲ ಕಣೋ" ಎಂದು ಅದನ್ನು ಕಟ್ಟುಹಾಕಿಸಿ ನಡುಮನೆಯಲ್ಲಿ ತೂಗುಹಾಕಿಸಿದರು. ರಾಯರ ಕೃತಿಗಳ ಪೈಕಿ ಗೋಡೆಯನ್ನೇರಿದ್ದು ಅದೊಂದೇ.

ತಮ್ಮ ಮತಕ್ಕೆ ಪ್ರಾಚೀನ ಪ್ರಮಾಣವುಂಟೆಂದು ರಾಯರು ಸಾಧಿಸುವುದೂ ಉಂಟು. 1840 ರಲ್ಲಿ ವಿಯೆನ್ನಾ ನಗರದ ಗಣಿತದ ಪ್ರಾಧ್ಯಾಪಕ ಪೆಟ್ಸ್‌ವಾಲ್ ಎಂಬಾತ ಮುಖಚಿತ್ರಕ್ಕಾಗಿಯೇ ಒಂದು ಲೆನ್ಸನ್ನು ಲೆಕ್ಕಹಾಕಿ ರೂಪಿಸಿದ. ಲೆಕ್ಕ ಮಾಡಲು ಫಿರಂಗಿದಳದ ಗಣಿತಜ್ಞ ಸೈನಿಕರು ಅವನಿಗೆ ನೆರವಾದರು. ಫೋಕ್ಟ್‌ಲೆಂಡರ್ ಕಂಪನಿ ಅದನ್ನು ತಯಾರಿಸಿತು. ಅದರ ಅಂಕಿ ಎಫ್ 3.6, ಚಿತ್ರದ ನಡುವೆ ಮುಖ ಸ್ಫುಟ, ಅಂಚಿನತ್ತ ಎಲ್ಲವೂ ಸುಳಿಸುಳಿಯಾದ ಮಸುಕು. "ನೋಡಿದಿರಾ, ಹಿನ್ನೆಲೆಯ ಮೇಲೆ ಆಗಲೇ ಸೈನ್ಯವನ್ನು ನುಗ್ಗಿಸಿದ್ದರು!" ಎಂದು ರಾಯರು ತೊಡೆ ತಟ್ಟುತ್ತಾರೆ. ಅವರು ಹೇಳದೆ ಬಿಡುವ ಮಾತೊಂದಿದೆ. ಆ ಕಾಲದ ಫಲಕಗಳಿಗೆ ಬೆಳಕು ಸಾಲದೆ, ಚಿತ್ರಕ್ಕೆ ಕೂತವರು ನಿಮಿಷಗಟ್ಟಲೆ ಅಲ್ಲಾಡದೆ ಕಲ್ಲಾಗಿರಬೇಕಾಗುತ್ತಿತ್ತು. ಆ ಶಿಕ್ಷೆಯನ್ನು ಮೊಟಕುಮಾಡಲೆಂದೇ ಪೆಟ್ಸ್‌ವಾಲ್ ರಂಧ್ರವನ್ನು ಹಿರಿದುಮಾಡಿದ್ದು. ಮಸುಕು ಅವನು ಬೆಳಕಿಗಾಗಿ ತೆತ್ತ ಸುಂಕ. ರಾಯರು ಬಿರುಬಿಸಿಲಿನಲ್ಲಿ ನಿಂತು, ಬೆಳಕು ಹೆಚ್ಚಾಯಿತೆಂದು ಲೆನ್ಸಿನ ಮುಂದೆ ಕಪ್ಪು ಗಾಜನ್ನು ಕಟ್ಟಿ, ಆ ಸುಂಕವನ್ನು ಮಾತ್ರ ಸಂತೋಷವಾಗಿ ತೆರುತ್ತಾರೆ.

ನಮ್ಮ ಊರುಗಳ ಹಳೆಯ ಸ್ಟುಡಿಯೋಗಳಲ್ಲಿ ಇದಕ್ಕೆ ತೀರ ವಿರುದ್ಧವಾದ ಸಂಪ್ರದಾಯವಿತ್ತು. ಅಲ್ಲಿ ಬಣ್ಣದ ಪರದೆಯ ಮೇಲೆ ಕಮಾನು, ಕಂಬ, ಉದ್ಯಾನ, ಎಲ್ಲಿಗೂ ಹತ್ತದ ಮಹಡಿಮೆಟ್ಟಿಲು ಇವೆಲ್ಲವೂ ಬರೆಯಲ್ಪಟ್ಟಿರುತ್ತಿದ್ದುವು. ಹಂಚಿನ ಮನೆಯ ಗೃಹಸ್ಥನು ಮೆಟ್ಟಿಲ ಮುಂದೆ, ಮಳೆ ಕಾಣದ ಸೀಮೆಯ ರೈತನು ಕಾರಂಜಿಯ ಮುಂದೆ, ಕೈಗಡಿಯಾರ ಕಾಣುವಂತೆ ತೋಳನ್ನು ಮಡಿಸಿ ನಿಂತು, ತಮಗಿಲ್ಲದ ಹಿನ್ನೆಲೆಯನ್ನು ಹಣ ಕೊಟ್ಟು ಪಡೆಯುತ್ತಿದ್ದರು. ಇಲ್ಲದ್ದನ್ನು ಗಳಿಸಲು ಅವರು ಕೊಡುತ್ತಿದ್ದದ್ದು ಅಲ್ಪ. ಇರುವುದನ್ನು ಕಳೆದುಕೊಳ್ಳಲು ರಾಯರು ಕೊಟ್ಟಿರುವುದು ಮೂರು ತಿಂಗಳ ಸಂಬಳ. ಫೋನುಗಳೂ ಈಗ ಲೆಕ್ಕಾಚಾರದಿಂದಲೇ ಹಿನ್ನೆಲೆಯನ್ನು ಮಸುಕುಮಾಡುತ್ತವೆ ಎಂದು ಯಾರಾದರೂ ಅಂದರೆ, ಅವು ಜುಮುಕಿಯ ಅರ್ಧವನ್ನೂ ಕೆದರಿದ ಕೂದಲನ್ನೂ ಗೋಡೆಯೊಡನೆ ಸೇರಿಸಿ ಒರೆಸಿಹಾಕುವುದನ್ನು ತೋರಿಸಿ ರಾಯರು ಸಿಡಿಮಿಡಿಗೊಳ್ಳುತ್ತಾರೆ. ಆ ಸಿಡಿಮಿಡಿಯಲ್ಲಿ ಸತ್ಯವಿಲ್ಲದಿಲ್ಲ.

ಆದರೆ ಅವರ ವೃತ್ತಾಂತದಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ತಂಗಿಯ ಮಗಳ ಮದುವೆಯ ಗುಂಪುಚಿತ್ರ. ಛತ್ರದ ಬೆಳಕು ಮಂದವೆಂಬ ನೆಪದಿಂದ 85 ರ ಲೆನ್ಸಿನ ರಂಧ್ರವನ್ನು 1.4 ಕ್ಕೆ ತೆರೆದು, ನಾಲ್ಕು ಮೀಟರು ದೂರ ನಿಂತು, ಮುಂದಿನ ಸಾಲಿನ ಕುರ್ಚಿಗಳಲ್ಲಿದ್ದ ಹೆಣ್ಣಿನ ಕಡೆಯವರ ಮೇಲೆ ದೃಷ್ಟಿಯನ್ನಿಟ್ಟು ಅವರು ಚಿತ್ರ ತೆಗೆದರು. ಅಷ್ಟು ದೂರದಲ್ಲಿ ಆ ಲೆನ್ಸು ಸ್ಪಷ್ಟವಾಗಿ ಹಿಡಿಯುವುದು 18 ಸೆಂಟಿಮೀಟರಿನಷ್ಟು ಆಳವನ್ನು, ಎಂದರೆ ಗೇಣಿಗೂ ಕಡಿಮೆ. ಹಿಂದೆ ನಿಂತಿದ್ದ ಬೀಗರ ಕಡೆಯವರು, ವರನ ಸೋದರಮಾವನೇ ಮೊದಲಾಗಿ, ಪೇಟ ಶಲ್ಯಗಳೊಡನೆ ಮಂಜಿನಲ್ಲಿ ಲೀನರಾದರು. ಆಲ್ಬಮ್ಮು ತಲುಪಿದ ಸಂಜೆಯೇ ಫೋನು ಬಂತು: "ನಮ್ಮ ಕಡೆಯವರ ಮುಖವೇ ಕಾಣದ ಹಾಗೆ ತೆಗೆದಿದ್ದೀರಲ್ಲ, ಇದೇನು ಕೈತಪ್ಪೋ, ಬೇಕೆಂದು ಮಾಡಿದ್ದೋ?" ಕೈತಪ್ಪೆಂದು ಒಪ್ಪಿಕೊಂಡಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಕಲಾಭಿಮಾನಿಯಾದ ರಾಯರು, "ಕೈತಪ್ಪೇ? ಖಂಡಿತ ಅಲ್ಲ, ಬುದ್ಧಿಪೂರ್ವಕವಾಗಿಯೇ ಮಾಡಿದ್ದು, ಇದಕ್ಕೆ ಬೊಕೆ ಅನ್ನುತ್ತಾರೆ" ಎಂದರು. ಹುಡುಗಿಯನ್ನು ಮೊದಲ ದೀಪಾವಳಿಗೆ ತವರಿಗೆ ಕಳುಹಿಸುವ ಮಾತುಕತೆ ಅನಂತರ ಬಹಳ ದಿನ ನಡೆಯಿತು.

ಇಷ್ಟಾದರೂ ಮಸೂರರಾಯರು ಕಲಿಸುವ ಪಾಠದಲ್ಲಿ ಹುಸಿಯಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಒಬ್ಬರ ಮುಖವನ್ನು ಚೆನ್ನಾಗಿ ತೆಗೆಯಬೇಕೆನ್ನುವವರಿಗೆ 50 ಅಥವಾ 85 ಮಿಲಿಮೀಟರಿನ, 1.8 ರ ಲೆನ್ಸು ಧಾರಾಳವಾಗಿ ಸಾಕು. ಅದನ್ನೂ ಪೂರ್ತಿ ತೆರೆಯದೆ 2.8 ರ ಸುಮಾರಿಗೆ ಇಟ್ಟರೆ ಎರಡು ಕಣ್ಣುಗಳೂ ಉಳಿಯುತ್ತವೆ. ಕೂತವರನ್ನು ಗೋಡೆಯಿಂದ ಹತ್ತಡಿಯಾದರೂ ಮುಂದಕ್ಕೆ ತಂದರೆ ಗೋಡೆ ತಾನಾಗಿಯೇ ಮಸುಕಾಗುತ್ತದೆ. ಬೆಳಕು ಜಗಲಿಯದೋ ಕಿಟಕಿಯದೋ ಆಗಿರಲಿ, ಫೋಕಸ್ಸು ಹತ್ತಿರದ ಕಣ್ಣಿನ ಮೇಲಿರಲಿ. ಮುಖಕ್ಕೆ ತೀರ ಹತ್ತಿರ ಹೋದರೆ ಮೂಗು ಉಬ್ಬಿ ಕಾಣುವುದರಿಂದ ನಾಲ್ಕು ಹೆಜ್ಜೆ ದೂರವಿರುವುದು ಕ್ಷೇಮ. ಇವಿಷ್ಟನ್ನು ಬಲ್ಲವನು ಸಾಮಾನ್ಯ ಲೆನ್ಸಿನಲ್ಲಿಯೂ ಗೆಲ್ಲುತ್ತಾನೆ. ಮಸುಕನ್ನು ಅಂಗಡಿಯಲ್ಲಿ ಕೊಳ್ಳಬಹುದು; ಮುಖದ ಮೇಲಣ ಕಳೆಗೆ ಮಾತ್ರ ಕೂತವರೊಡನೆ ಹತ್ತು ನಿಮಿಷ ಮಾತನಾಡಬೇಕು. ಅತ್ತೆಯವರು "ಏನಾದರೂ ತಿಂದೆಯೇನೋ" ಎಂದು ಕೇಳಿದಾಗ ಉತ್ತರ ಹೇಳಿ, ಆಮೇಲೆ ಕ್ಯಾಮೆರಾವನ್ನೆತ್ತಿದ್ದರೆ ಅವರ ಕಣ್ಣೂ ಮೂಗುಬೊಟ್ಟೂ ಎರಡೂ ದಕ್ಕುತ್ತಿದ್ದುವು.

ನಿಮ್ಮ ಮನೆಯ ಶುಭಕಾರ್ಯಕ್ಕೆ ಇಂಥ ರಾಯರೊಬ್ಬರು ಬಂದರೆ ದಯವಿಟ್ಟು ಆದರದಿಂದಲೇ ಬರಮಾಡಿಕೊಳ್ಳಿ. ಒಬ್ಬೊಬ್ಬರನ್ನೇ ಜಗಲಿಯ ಬೆಳಕಿನಲ್ಲಿ ಕೂರಿಸಿ ಅವರಿಗೆ ಒಪ್ಪಿಸಿದರೆ ಚಿತ್ರಗಳು ನಿಜವಾಗಿಯೂ ಸೊಗಸಾಗಿ ಬರುತ್ತವೆ. ಗುಂಪಿನ ಚಿತ್ರದ ಹೊತ್ತಿಗೆ ಮಾತ್ರ ಅವರ ಕೈಹಿಡಿದು ರಂಧ್ರವನ್ನು ಎಫ್ 8 ಕ್ಕೆ ತಿರುಗಿಸಿ. ತಿರುಗಿಸಲು ಅವರು ಒಪ್ಪದಿದ್ದರೆ ಬೀಗರನ್ನೆಲ್ಲ ಮುಂದಿನ ಸಾಲಿನಲ್ಲಿಯೇ ಕೂರಿಸಿ.